ಅಜ್ಜಾರ ಪುಟಕ್ಕೆ ಬಂದ ಕಾಮೆಂಟು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಆ ಮಠದ ಪಾಠಕ್ಕೆ ಒಂದು ರೂಢಿ ಇತ್ತು. ಪ್ರಶ್ನೆ ಕೇಳಿದವರೇ ಕೊನೆಗೆ "ತಿಳೀತ್ರಿ" ಎನ್ನಬೇಕು. ಅಲ್ಲಿಯವರೆಗೆ ಪಾಠ ಮುಂದೆ ಹೋಗುತ್ತಿರಲಿಲ್ಲ, ಊಟದ ಗಂಟೆ ಬಾರಿಸಿದರೂ ಅಷ್ಟೆ. ಹಸಿದವರು ಪಕ್ಕದವನ ತೊಡೆ ಚಿವುಟಿ "ತಿಳೀತು ಅನ್ನಲೇ" ಎಂದು ಪಿಸುಗುಟ್ಟಿದ್ದೂ ಉಂಟು.

ಅಜ್ಜಾರ ಮಾತುಗಳನ್ನು ಪುಸ್ತಕ ಮಾಡಬೇಕೆಂದು ಶಿಷ್ಯರು ಹಟ ಹಿಡಿದರು. ಶಿಷ್ಯರೋ ಊರೂರಿಗೆ ಚದುರಿದ್ದರು. ಹಾಗಾಗಿ ಬರಹವನ್ನೆಲ್ಲ ಆನ್‌ಲೈನಿನಲ್ಲಿ ಒಂದೇ ಡಾಕ್ಯುಮೆಂಟಿಗೆ ಹಾಕಿ, ಎಲ್ಲರಿಗೂ ಲಿಂಕ್ ಕಳಿಸಿದರು. ಯಾರು ಬೇಕಾದರೂ ಓದಬಹುದು, ಸಾಲಿನ ಪಕ್ಕದಲ್ಲಿ ಕಾಮೆಂಟು ಬರೆಯಬಹುದು. ವಿಷಯ ಬಗೆಹರಿದ ಮೇಲೆ ಕಾಮೆಂಟನ್ನು ಮುಚ್ಚಬಹುದು. ಮುಚ್ಚಿದರೆ ಅದು ಪುಟದಿಂದ ಮರೆಯಾಗುತ್ತದೆ.

ಇದನ್ನೆಲ್ಲ ನೋಡಿಕೊಳ್ಳುವ ಹೊಣೆ ಚನ್ನವೀರನದು. ಮಠದಲ್ಲೇ ಇದ್ದು ಕಲಿಯುತ್ತಿದ್ದ ಶಿಷ್ಯ. ಕೆಲಸ ಅಚ್ಚುಕಟ್ಟು. ಅಚ್ಚುಕಟ್ಟಿನ ಜೊತೆಗೆ ಬರುವ ಜಂಬವೂ ಅವನಲ್ಲಿ ಅಚ್ಚುಕಟ್ಟಾಗಿಯೇ ಇತ್ತು.

ಪುಸ್ತಕವನ್ನು ಅಚ್ಚಿಗೆ ಕಳಿಸುವ ದಿನ ಮುಂಜಾನೆ ಅವನು ಲ್ಯಾಪ್‌ಟಾಪ್ ಹಿಡಿದು ಅಜ್ಜಾರ ಮುಂದೆ ಕುಳಿತ.

"ಅಜ್ಜಾರ, ಪುಸ್ತಕ ತಯಾರಾತ್ರಿ. ಸಂಜಿಗೆ ಗದಗಿನ ಪ್ರೆಸ್ಸಿಗೆ ಕಳಸ್ತೀನಿ. ನೋಡ್ರಿ, ಪುಟ ಎಷ್ಟು ಸ್ವಚ್ಛ ಐತಿ. ಒಂದು ಕಾಮೆಂಟೂ ಉಳಿದಿಲ್ರಿ."

"ಛಲೋ ಆತು. ಮಂದಿ ಬಾಳ ಬರದಿದ್ರೇನು?"

"ಬಾಳ ಬರದಿದ್ರಿ. ಎಲ್ಲಾ ನಾನ ನೋಡಿ ಮುಚ್ಚೀನಿ."

"ನನ್ನ ಅಧ್ಯಾಯಕ್ಕ?"

ಉಳಿದ ಅಧ್ಯಾಯಗಳು ಅವರ ಮಾತು ಕೇಳಿ ಶಿಷ್ಯರು ಬರೆದವು. ಒಂದನ್ನು ಮಾತ್ರ ಅಜ್ಜಾರು ತಾವೇ ಬರೆದಿದ್ದರು. ಸಿಟ್ಟಿನ ಬಗ್ಗೆ.

ಚನ್ನವೀರನ ಎದೆ ಉಬ್ಬಿತು. "ನಿಮ್ಮ ಅಧ್ಯಾಯಕ್ಕ ಯಾರು ಏನ್ ಹೇಳ್ಯಾರ್ರಿ ಅಜ್ಜಾರ? ಒಂದೂ ಇಲ್ಲ."

ಅಜ್ಜಾರ ಮುಖ ಸಪ್ಪಗಾಯಿತು.

"ಹಂಗಾರ ಯಾರೂ ಓದಿಲ್ಲ."

"ಎಲ್ಲಾರೂ ಓದ್ಯಾರ್ರಿ!"

"ಶಿವಲೀಲಾ ಓದಿದ್ಲೇನು?"

ಶಿವಲೀಲಾ ಹಳೆಯ ಶಿಷ್ಯೆ. ಈಗ ವಿಜಯಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಮಠದಲ್ಲಿದ್ದಾಗ ಆಕೆ "ತಿಳೀತ್ರಿ" ಎನ್ನುವಷ್ಟರಲ್ಲಿ ಸಾರು ಆರಿ ತಣ್ಣಗಾಗುತ್ತಿತ್ತು.

ಚನ್ನವೀರ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡ.

"ಪ್ರಶ್ನೆ ಕೇಳಲಾರದ ಆಕಿ ಒಂದು ಪಾಠಾನೂ ಬಿಟ್ಟಾಕಿ ಅಲ್ಲ," ಎಂದರು ಅಜ್ಜಾರು. "ಸುಮ್ನ ಹೆಂಗ ಇದ್ಲು?"

"ಒಂದು ಬರದಿದ್ಲ್ರಿ. ಬರೀಬಾರದ್ದು ಬರದಿದ್ಲು. ನಾ ಮುಚ್ಚಿಬಿಟ್ಟೆ."

"ಆಕಿ ತಿಳೀತು ಅಂದಿದ್ಲೇನು?"

"ಇಲ್ರಿ. ಆಕಿ ಮಾತು ನಿಮ್ಮ ಮಾನಕ್ಕ—"

ಅಜ್ಜಾರು ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕೆ ಕುಕ್ಕಿದರು. ನೀರು ಚೆಲ್ಲಿ ಚನ್ನವೀರನ ಧೋತರ ತೊಯ್ದಿತು.

"ನನ್ನ ಮಾನ ಕಾಯಾಕ ನಿನ್ನ ಇಟ್ಟೀನೇನು? ಪಾಠದಾಗ ಯಾವ ರೂಢಿಯೋ ಪುಸ್ತಕದಾಗೂ ಅದ ರೂಢಿ! ಅಷ್ಟು ತಿಳೀಲಿಲ್ಲ ನಿನಗ? ಹುಡುಕು. ಈಗ ಹುಡುಕು!"

ಇಷ್ಟು ತಿಂಗಳು ಹಗಲು ರಾತ್ರಿಯೆನ್ನದೆ ದುಡಿದದ್ದಕ್ಕೆ ಬೆನ್ನು ತಟ್ಟುತ್ತಾರೆಂದು ಬಂದವನು ಚನ್ನವೀರ. ತೊಯ್ದ ಧೋತರದಲ್ಲೇ ಕುಳಿತು ಪುಟದ ಮೇಲಿನ ಕಾಮೆಂಟಿನ ಗುರುತು ಒತ್ತಿದ. ಬದಿಯಲ್ಲಿ ಪಟ್ಟಿ ಬಿಚ್ಚಿಕೊಂಡಿತು. ಮುಚ್ಚಿದವೆಲ್ಲ ಅಲ್ಲೇ ಇದ್ದವು, ಬರೆದವರ ಹೆಸರಿನೊಂದಿಗೆ. ಹುಡುಕುವ ಜಾಗದಲ್ಲಿ ಶಿವಲೀಲಾ ಎಂದು ಬರೆದ.

ಒಂದೇ ಒಂದು ಕಾಮೆಂಟು ಬಂತು.

ಅದು ಅಜ್ಜಾರ ಈ ಸಾಲಿಗೆ ಅಂಟಿಕೊಂಡಿತ್ತು: 'ಅಂದು ಹೊಳೆಯ ದಂಡೆಯಲ್ಲಿ ಕುಳಿತು ನನ್ನ ಸಿಟ್ಟನ್ನು ನೀರಿಗೆ ಬಿಟ್ಟೆ. ಆಮೇಲೆ ಅದು ನನ್ನತ್ತ ತಿರುಗಿ ನೋಡಲಿಲ್ಲ.'

"ಓದು," ಎಂದರು ಅಜ್ಜಾರು. ಚನ್ನವೀರ ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ತಡೆದರು. "ಮೊದಲ ಹೇಳು. ಆಕಿ ಬರದಿದ್ದು ಯಾವುದರ ಬಗ್ಗೆ?"

"ಹಾಲು ಉಕ್ಕಿದ ದಿನದ ಬಗ್ಗೆ ರಿ."

ಅಜ್ಜಾರು ತಂಬಿಗೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಈಗ ಬ್ಯಾಡ," ಎಂದರು. "ಅವತ್ತು ನಾ ರೇಗಿದ್ದು ಪಂಕ್ತಿಯೊಳಗ. ಇದನ್ನ ಓದೋದೂ ಪಂಕ್ತಿಯೊಳಗ."

ಮಧ್ಯಾಹ್ನ ಪ್ರಸಾದಕ್ಕೆ ಎಲ್ಲರೂ ಸಾಲಾಗಿ ಕುಳಿತರು. ತಟ್ಟೆಗೆ ರೊಟ್ಟಿ ಬಿದ್ದಿತ್ತು. ಅಜ್ಜಾರು ಕಣ್ಸನ್ನೆ ಮಾಡಿದರು. ಚನ್ನವೀರ ನಿಂತು ಓದಿದ.

"ಅಜ್ಜಾರ, ಈ ಸಾಲು ಖರೆ ಅಲ್ರಿ. ನೀವು ಸಿಟ್ಟು ಬಿಟ್ಟೆ ಅಂದ ಮರುವರ್ಷ, ಹಾಲು ಉಕ್ಕಿ ಒಲಿ ಆರಿದಾಗ, ಪಂಕ್ತಿಯೊಳಗ ಎಲ್ಲಾರ ಮುಂದ ನನ್ನ ಮ್ಯಾಲೆ ರೇಗಿದ್ರಿ. ನಾ ಅವತ್ತು ಉಣಲಾರದ ಮಲಗಿದೆ. ನನಗಾಗಿ ಇದನ್ನ ಬರ್ಯಾಕತ್ತಿಲ್ರಿ. ನನಗೂ ಸಿಟ್ಟು ಬರ್ತೈತಿ, ಮಕ್ಕಳ ಮ್ಯಾಲೆ ರೇಗತೀನಿ, ಆಮ್ಯಾಲೆ ಅಳತೀನಿ. ನನ್ನಂಥವರು ಈ ಸಾಲು ಓದಿದ್ರ, ತಾವಷ್ಟ ಕೆಟ್ಟವರು ಅಂತ ಪುಸ್ತಕ ಮುಚ್ಚಿಟ್ಟುಬಿಡ್ತಾರ್ರಿ."

ಯಾರೂ ರೊಟ್ಟಿ ಮುರಿಯಲಿಲ್ಲ. ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೇ ನಿಂತರು.

ಎಲ್ಲರೂ ಅಜ್ಜಾರ ಮುಖ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು. ಆದರೆ ಮುಖ ಅರಳಿತ್ತು. ಮಗಳು ಮೊದಲ ಸಲ ಹೊಳೆ ಈಜಿ ಆಚೆ ದಂಡೆ ಮುಟ್ಟಿದ್ದನ್ನು ನೋಡಿದ ತಂದೆಯ ಮುಖ ಹಾಗಿರುತ್ತದೆ.

"ನನ್ನ ಶಿಷ್ಯೆ!" ಎಂದು ತೊಡೆ ತಟ್ಟಿದರು. "ಕೇಳಿದ್ರೇನು ಎಲ್ಲಾರೂ? ನಾ ಕಲಿಸಿದ ಹುಡುಗಿ! ಇಷ್ಟು ವರ್ಷ ನಾ ಕಲಿಸಿದ್ದು ನೀರಿಗೆ ಹೋಗಿಲ್ಲ."

ಆಮೇಲೆ ದನಿ ತಗ್ಗಿಸಿದರು.

"ಚನ್ನವೀರ, ಅದರ ಕೆಳಗ ಬರಿ. 'ಅವ್ವಾ ಶಿವಲೀಲಾ, ನೀ ಬರದಿದ್ದು ಖರೆ. ನಾ ಬರದಿದ್ದು ಸುಳ್ಳು. ಅವತ್ತು ಪಂಕ್ತಿಯೊಳಗ ನಿನ್ನ ಬೈದಿದ್ದೆ. ಇವತ್ತು ಪಂಕ್ತಿಯೊಳಗ ಕ್ಷಮಾ ಕೇಳಾಕತ್ತೀನಿ.' ಬರದ್ಯಾ? ಇನ್ನ ಆ ಸಾಲು ತಿದ್ದು."

ಅವರು ಹೇಳಿದರು, ಅವನು ತಿದ್ದಿದ: 'ಸಿಟ್ಟನ್ನು ನೀರಿಗೆ ಬಿಟ್ಟೆ ಎಂದುಕೊಂಡಿದ್ದೆ. ಅದು ಮತ್ತೆ ಬರುತ್ತದೆ. ಬಂದಾಗಲೆಲ್ಲ ಎದ್ದು ಹೊಳೆಗೆ ಹೋಗಿ ಕೂರುತ್ತೇನೆ.'

"ಮುಚ್ಚಲೇನ್ರಿ?" ಅಭ್ಯಾಸಬಲದಿಂದ ಕೇಳಿಬಿಟ್ಟ ಚನ್ನವೀರ.

ಅಜ್ಜಾರು ಅವನನ್ನು ನೋಡಿದರಷ್ಟೆ.

ಅವನು ನಾಲಿಗೆ ಕಚ್ಚಿಕೊಂಡ. ಯಾರೂ ಹೇಳದಿದ್ದರೂ, ಬರೆದವರನ್ನು ಕೇಳದೆ ತಾನು ಮುಚ್ಚಿದ್ದ ಕಾಮೆಂಟುಗಳನ್ನೆಲ್ಲ ಒಂದೊಂದಾಗಿ ಮತ್ತೆ ತೆರೆಯುತ್ತ ಕುಳಿತ. ಸ್ವಚ್ಛವಾಗಿದ್ದ ಪುಟದ ಬದಿ ಮತ್ತೆ ತುಂಬಿತು.

ಇಳಿಹೊತ್ತಿಗೆ ಪ್ರೆಸ್ಸಿನವರ ಫೋನ್ ಬಂತು. ಕಳಿಸಿದಿರೋ ಇಲ್ಲವೋ, ಯಂತ್ರ ಕಾಯುತ್ತಿದೆ ಎಂದರು. ಅಜ್ಜಾರು ಫೋನನ್ನು ತಾವೇ ಇಸಿದುಕೊಂಡರು.

"ತಡಾ ಆಕ್ಕೈತ್ರಿ!" ಎಂದರು, ಮನೆಯಲ್ಲಿ ಮದುವೆ ಗೊತ್ತಾದವರ ದನಿಯಲ್ಲಿ. "ನನ್ನ ಪುಟದಾಗ ನನ್ನ ಶಿಷ್ಯೆ ತಪ್ಪು ಹಿಡದಾಳ್ರಿ! ಆಕಿ ಸರಿ ಅನ್ನೋತನಕ ಕಳಸಂಗಿಲ್ಲ. ಏನಂದ್ರಿ? ಹೌದ್ರಿ, ನಮ್ಮ ಶಿವಲೀಲಾನ!"

ಶಾಲೆ ಬಿಟ್ಟ ಮೇಲೆ ಶಿವಲೀಲಾಳ ಉತ್ತರ ಬಂತು. ಚನ್ನವೀರ ಓದಿ ಹೇಳಿದ.

"ಅಜ್ಜಾರ, ಅವತ್ತು ಹಾಲಿನ ಕಡೆ ಲಕ್ಷ್ಯ ಇಡೋದು ನನ್ನ ಕೆಲಸ ಆಗಿತ್ರಿ. ಸಾಲು ಈಗ ಸರಿ ಆತು. ಇದನ್ನ ನಮ್ಮ ಸ್ಟಾಫ್ ರೂಮಿನಾಗ ಓದಿ ತೋರಿಸಿದೆ. ನಮ್ಮ ಅಜ್ಜಾರು ಹಿಂಗ ಅದಾರ ನೋಡ್ರಿ ಅಂದೆ. ತಿಳೀತ್ರಿ."

ನೋಡನೋಡುತ್ತಿದ್ದಂತೆ ಆ ಕಾಮೆಂಟು ಪುಟದಿಂದ ಮರೆಯಾಯಿತು. ವಿಜಯಪುರದಲ್ಲಿ ಕುಳಿತು ಆಕೆಯೇ ಅದನ್ನು ಮುಚ್ಚಿದ್ದಳು.

ಅಜ್ಜಾರು ಸಮಾಧಾನದಿಂದ ಗೋಡೆಗೆ ಒರಗಿದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

"ಚನ್ನವೀರ, ಎಲ್ಲಾರ ಕಾಮೆಂಟೂ ನೋಡಿದಿ. ನಿಂದು ಒಂದೂ ಇಲ್ಲಲ್ಲ?"

"ನಂದೇನೈತ್ರಿ ಅಜ್ಜಾರ, ನಾ ಸಣ್ಣಾವ."

"ಓದಿಲ್ಲಂತ ಕಾಣಸ್ತದ."

ಆ ಮಾತು ಅವನಿಗೆ ನಾಟಿತು. ಇಡೀ ಪುಸ್ತಕವನ್ನು ಬಾಯಿಪಾಠ ಹೇಳಬಲ್ಲವನಿಗೆ ಈ ಮಾತೇ!

ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡ. ಈಗಷ್ಟೇ ತಿದ್ದಿದ ಸಾಲನ್ನು ಮತ್ತೆ ಓದಿದ. ತನ್ನ ಧೋತರದ ಕಡೆ ನೋಡಿಕೊಂಡ. ಅದು ಒಣಗಿತ್ತು. ಸಾಲಿನ ಪಕ್ಕದಲ್ಲಿ ಬರೆದ. ಬರೆದು, ಪರದೆಯನ್ನು ಅಜ್ಜಾರ ಕಡೆ ತಿರುಗಿಸಿದ.

'ಅಜ್ಜಾರ, ಸಿಟ್ಟು ಬಂದಾಗಲೆಲ್ಲ ಹೊಳಿಗೆ ಹೋಗತೀನಿ ಅಂತ ಬರಸೀರಿ. ಇವತ್ತು ಮುಂಜಾನೆ ನನ್ನ ಮ್ಯಾಲೆ ತಂಬಿಗಿ ಕುಕ್ಕಿದ್ರಿ. ಹೊಳಿಗೆ ಹೋಗಲಿಲ್ಲ.'

ಅಜ್ಜಾರು ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು.

ಆಮೇಲೆ ಗೋಡೆ ಹಿಡಿದು ಎದ್ದರು. ಅವನ ಬೆನ್ನ ಮೇಲೆ ಕೈಯಿಟ್ಟು, ಎರಡು ಸಲ ಗಟ್ಟಿಯಾಗಿ ತಟ್ಟಿದರು. ಮೂಲೆಯ ಕೋಲು ತೆಗೆದುಕೊಂಡು, ಹೆಗಲಿಗೆ ಶಾಲು ಹಾಕಿಕೊಂಡು ಬಾಗಿಲ ಕಡೆ ನಡೆದರು.

ಹೊಸ್ತಿಲ ಮೇಲೆ ನಿಂತು ತಿರುಗಿದರು.

"ಹೊಳಿಗೆ ಹೊಂಟೀನಿ. ನಾ ಬರೋತನಕ ಅದನ್ನ ಮುಚ್ಚಬ್ಯಾಡ."