ಕಿವಿ ಸೀಳದ ಮರಿ

ಒಂದಾನೊಂದು ಕಾಲ ಅಂತಾರಲ್ಲ, ಅದಕ್ಕೂ ಇನ್ನೊಂಚೂರು ಹಿಂದೆ, ಬಯಲುಸೀಮೇಲಿ ಒಂದು ಗುಡ್ಡದ ಮಗ್ಗುಲಲ್ಲಿ ಕುರಿ ಸಾಕೋರ ಹಟ್ಟಿ ಒಂದಿತ್ತಂತೆ. ಕಾಲು ಒದರಬೇಡ ಪುಟ್ಟಿ, ಕಂಬಳಿ ಹೊದ್ಕೊಂಡು ಸುಮ್ನೆ ಕೇಳು, ನಡುನಡುವೆ ಹೂಂ ಅನ್ನು, ಹೂಂ ಅನ್ನದಿದ್ರೆ ಕತೆ ಅಲ್ಲೇ ಮಲಗಿಬಿಡತ್ತೆ. ಆ ಹಟ್ಟೀಲಿ ಕ್ಯಾತಪ್ಪ ಅಂತ ಒಬ್ಬ ಇದ್ನಂತೆ, ಅವನಿಗೆ ಹಾಲವ್ವ ಅಂತ ಒಬ್ಬಳೇ ತಂಗಿ. ಅದೇ ಹಟ್ಟಿಗೆ ಕೊಟ್ಟಿದ್ರು, ಪಾಪ ಗಂಡ ಬೇಗ ತೀರ್ಕೊಂಡ, ಮಕ್ಕಳಿರಲಿಲ್ಲ, ಅವಳು ಗಂಡ ಬಿಟ್ಟುಹೋದ ಕುರಿ ಮೇಯಿಸ್ಕೊಂಡು ಯಾರ ಮುಂದೂ ಕೈ ಚಾಚದೆ ತಲೆ ಎತ್ಕೊಂಡು ಬದುಕ್ತಿದ್ಲಂತೆ. ಅಣ್ಣನಿಗೆ ತಂಗಿ ಅಂದ್ರೆ ಪ್ರಾಣ. ಪ್ರಾಣ ಅಂದ್ರೂ ಬಾಯಿ ಮಾತ್ರ ಅವನ ಹಿಡಿತದಲ್ಲಿ ಇರ್ತಿರಲಿಲ್ಲ, ಅದೇ ಬಂದಿದ್ದು ಕಷ್ಟ.

ಆ ಹಟ್ಟೀಲಿ ಒಂದು ಪದ್ಧತಿ ಇತ್ತಂತೆ. ಮುಯ್ಯಿ ಅಂದ್ರೆ ಗೊತ್ತಲ್ಲ, ನಮ್ಮ ಮದುವೇಲಿ ಅವರು ಮಾಡೋದು, ಅವರ ಮದುವೇಲಿ ನಾವು ಮಾಡೋದು. ಇವರದ್ದು ಮರಿ ಮುಯ್ಯಿ. ಸುಗ್ಗಿ ಮುಗಿದ ಮೇಲೆ ಒಂದು ದಿನ ಮನೆಗೊಂದು ಹೆಣ್ಣು ಮರಿ, ಹಾಲು ಬಿಟ್ಟು ಹುಲ್ಲು ಹಿಡಿದದ್ದು, ಕಂಬಳಿ ಮುಸುಕಿನೊಳಗೆ ಇಟ್ಕೊಂಡು ಬಂದು ಊರ ಮುಂದಿನ ರೊಪ್ಪದೊಳಗೆ, ಅಂದ್ರೆ ಕುರಿ ಕೂಡೋ ಮುಳ್ಳುಬೇಲಿ ಒಳಗೆ, ಬಿಟ್ಟುಬಿಡೋದು. ತಮ್ಮತಮ್ಮ ಕುರಿಗೆಲ್ಲ ಕಿವಿ ಸೀಳಿ ಗುರುತು ಮಾಡ್ತಿದ್ರು, ಈ ಮರಿಗೆ ಮಾತ್ರ ಮಾಡೋ ಹಾಗಿಲ್ಲ. ಎಲ್ಲವೂ ಕರೀ ಮರಿಗಳು, ಎಲ್ಲವಕ್ಕೂ ಇಡೀ ಕಿವಿ, ಸರದಿ ಮೇಲೆ ಎಲ್ಲರೂ ಮೇಯಿಸೋದು. ಯಾರ ಮನೆ ಕುರಿ ಹಾಳಾಗಿಹೋಗತ್ತೋ ಅವರು ತಾವೇ ಆ ರೊಪ್ಪದ ಬಾಗಿಲು ತೆಗೆದು, ಮತ್ತೆ ಬದುಕು ಹೂಡೋವಷ್ಟು ಹೊಡ್ಕೊಂಡು ಹೋಗಬೇಕು. ಕೇಳೋ ಹಾಗಿಲ್ಲ, ಕೈ ಮುಗಿಯೋ ಹಾಗಿಲ್ಲ. ಕುರಿ ಸಾಕೋನಿಗೆ ತನ್ನ ಮರಿ ಮುಖ ಗೊತ್ತಾಗಲ್ವಾ ಅಂತೀಯ? ಗೊತ್ತಾಗತ್ತೆ ಕಣೇ, ಗೊತ್ತಾದ್ರೂ ಬಾಯಿ ಬಿಡಬಾರದು, ಅದು ಅವರ ಮರ್ಯಾದೆ.

ಕ್ಯಾತಪ್ಪ ಬಲು ಜೋಪಾನದ ಮನುಷ್ಯ. ಅವನ ರೊಪ್ಪಕ್ಕೆ ಎದೆಮಟ್ಟ ಕಲ್ಲುಗೋಡೆ, ಬಾಗಿಲಲ್ಲಿ ಕರಡಿಯಂಥ ನಾಯಿಗಳು, ಅವನ ಕುರಿ ಒಂದೂ ಯಾವತ್ತೂ ತೋಳದ ಪಾಲಾಗಿರಲಿಲ್ಲ. ಅಷ್ಟೇ ಸಾಕು, ಮನುಷ್ಯನಿಗೆ ಕೊಂಬು ಬರೋಕೆ. ಒಂದು ವರ್ಷ ತಿಪ್ಪಯ್ಯ ಅನ್ನೋನು ಮರದಡೀಲಿ ಗೊರಕೆ ಹೊಡೀತಾ ಮಲಗಿದ್ದಾಗ ತೋಳ ನುಗ್ಗಿ ಅವನ ಹಿಂಡನ್ನೇ ಚೆಲ್ಲಾಪಿಲ್ಲಿ ಮಾಡ್ತಂತೆ. ತಿಪ್ಪಯ್ಯ ಅತ್ತ, ಮೂಗು ಒರೆಸ್ಕೊಂಡ, ಹೋಗಿ ಮುಯ್ಯಿ ಮರಿ ಹೊಡ್ಕೊಂಡು ಬಂದ. ಕ್ಯಾತಪ್ಪನಿಗೆ ಹೊಟ್ಟೇಲಿ ಕೆಂಡ. ಅವನು ನಿದ್ದೆ ಮಾಡೋದು, ನನ್ನ ಮರಿ ಅವನ ಮನೆ ಸೇರೋದು, ಇದ್ಯಾವ ನ್ಯಾಯ ಅಂತ.

ಆಮೇಲೆ ಹಟ್ಟಿಗೆಲ್ಲ ದೊಡ್ಡೋಳಾದ ಬೋರಜ್ಜಿ ಹತ್ರ ಹೋಗಿ ಕೂತ್ನಂತೆ. ಅಜ್ಜೀ, ಎಲ್ಲಾ ಎಲ್ಲರದು ಅಂತಾದ್ರೆ ದುಡಿಯೋನು ಯಾಕೆ ದುಡೀಬೇಕು, ನಾಳೆ ನನ್ನ ಒಲೆ ಮೇಲಿನ ಮುದ್ದೇನೂ ಎಲ್ಲರದು ಅಂತೀರೇನು ಅಂದ್ನಂತೆ. ಬೋರಜ್ಜಿ ಎಲೆಅಡಿಕೆ ಜಗೀತಾನೇ ಹೇಳಿದ್ಲಂತೆ, ನಿನ್ನ ಮುದ್ದೆ ನೀನೇ ತಿನ್ನಪ್ಪ, ಯಾರು ಕೇಳಿದ್ರು? ನಿನ್ನ ಕುರಿ ನಿಂದು, ಅದರ ಉಣ್ಣೆ ನಿಂದು, ಹಾಲು ನಿಂದು. ನಾಳೆ ಏನಾಗತ್ತೋ ಅನ್ನೋ ಭಯ ಇದೆಯಲ್ಲ, ಅದೊಂದನ್ನ ಮಾತ್ರ ನಾವು ಹಂಚ್ಕೊಂಡಿದ್ದೀವಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಅಂತ ಕೇಳಿಲ್ವಾ ನೀನು? ಕ್ಯಾತಪ್ಪ ಅಂದ, ನನಗೆ ಭಯವೇ ಇಲ್ಲವಲ್ಲ. ಬೋರಜ್ಜಿ ನಕ್ಕು, ಆ ರೊಪ್ಪ ಇರೋದಕ್ಕೇ ನಿನಗೆ ಭಯ ಇಲ್ಲ ಕಣೋ ಹುಚ್ಚಪ್ಪ ಅಂದ್ಲಂತೆ. ಅವನಿಗೆ ಅದು ತಲೆಗೆ ಹೋಗಲೇ ಇಲ್ಲ. ಹೋಗಿದ್ರೆ ಈ ಕತೆ ಎಲ್ಲಿರ್ತಿತ್ತು.

ಮುಂದಿನ ಸುಗ್ಗಿಗೆ ಅವನೇನು ಮಾಡಿದ ಗೊತ್ತಾ? ಮುಯ್ಯಿಗೆ ಬಿಡೋ ಮರಿ ಕಿವೀನ ಮನೇಲೇ ಸೀಳಿಬಿಟ್ನಂತೆ, ತನ್ನ ಗುರುತು ಹಾಕಿ. ಕೊಡಲ್ಲ ಅನ್ನಲಿಲ್ಲ, ಕೊಟ್ಟ. ಎಲ್ಲಿಗೆ ಹೋಗತ್ತೆ ಅಂತ ನೋಡ್ತೀನಿ, ಅಷ್ಟೇ ಅಂದ್ಕೊಂಡ. ಜನ ನೋಡಿ ಬಾಯಿ ಮೇಲೆ ಕೈ ಇಟ್ಕೊಂಡ್ರು, ಆದ್ರೆ ಅನುಕೂಲಸ್ಥ, ಯಾರು ಹೇಳಬೇಕು? ಆ ವರ್ಷ ಓಬಯ್ಯ ಅನ್ನೋನ ಕುರಿಗಳು ಎಳೇ ಜೋಳದ ಚಿಗುರು ಮೇಯ್ದು, ಅದು ವಿಷ ನೋಡು, ಹೊಟ್ಟೆ ಉಬ್ಬಿ ಸತ್ತುಹೋದ್ವಂತೆ. ಓಬಯ್ಯ ಹೊಡ್ಕೊಂಡು ಹೋದ ಮರಿಗಳಲ್ಲಿ ಕ್ಯಾತಪ್ಪನ ಗುರುತಿಂದೂ ಒಂದಿತ್ತು. ತಗೋ, ದಿನಾ ಬೆಳಗಾದ್ರೆ ಕ್ಯಾತಪ್ಪ ಓಬಯ್ಯನ ಬಾಗಿಲಲ್ಲಿ ಹಾಜರು. ನಮ್ಮ ಮರಿ ನೀರು ಕುಡೀತಾ, ನಮ್ಮ ಮರಿ ಕುಂಟ್ತಾ ಇದೆಯಲ್ಲ, ನಮ್ಮ ಮರೀನ ಜೋಳದ ಹೊಲದ ಕಡೆ ಬಿಟ್ಟೀಯ ಮತ್ತೆ. ಬೀಗರು ಬಂದು ಕೂತಿದ್ದಾಗಲೂ ಹೀಗೇ ಅಂದ್ನಂತೆ. ಓಬಯ್ಯ ತಲೆ ತಗ್ಗಿಸಿ ನೆಲ ಕೆರೀತಾ ಕೂತ.

ತಲೆ ತಗ್ಗಿಸಿದ ಮನುಷ್ಯ ಅದನ್ನ ಮರೀತಾನಾ? ಮುಂದಿನ ವರ್ಷ ಓಬಯ್ಯಾನೂ ತನ್ನ ಮರಿ ಕಿವಿ ಸೀಳಿ ಬಿಟ್ಟ. ಅವನು ಸೀಳಿದ ಅಂತ ತಿಪ್ಪಯ್ಯ ಸೀಳಿದ, ಆಮೇಲೆ ಹಟ್ಟಿಗೆ ಹಟ್ಟೀನೇ ಸೀಳ್ತು. ಹಾಲವ್ವ ಒಬ್ಬಳು ಮಾತ್ರ ಹಾಗೇ ತಂದು ಬಿಟ್ಟಳಂತೆ. ಈಗ ಆ ರೊಪ್ಪದಲ್ಲಿ ಮರಿಗಳೆಲ್ಲ ತುಂಬಿದ್ವು, ಆದ್ರೆ ಹಳೇವೆಲ್ಲ ಕಷ್ಟಕ್ಕೆ ಸಿಕ್ಕೋರ ಮನೆ ಸೇರಿದ್ವು, ಉಳಿದಿದ್ದರಲ್ಲಿ ಹಾಲವ್ವಂದೊಂದು ಬಿಟ್ರೆ ಒಂದೊಂದೂ ಒಬ್ಬೊಬ್ಬರ ಹೆಸರು ಹೇಳ್ತಿತ್ತು.

ಆಮೇಲೆ ಬಂತು ನೋಡು ಕಷ್ಟ, ಹಾಲವ್ವನ ಬಾಗಿಲಿಗೆ. ಬಿಸಿಲು ತಡೀಲಾರದೆ ಅವಳು ತನ್ನ ಕುರಿಗಳನ್ನ ಒಣಹಳ್ಳದ ನೆರಳಿಗೆ ಇಳಿಸಿದ್ಲಂತೆ. ತಲೆ ಮೇಲೆ ಒಂದು ಮೋಡ ಇಲ್ಲ, ಆದ್ರೆ ಗುಡ್ಡದಾಚೆ ಮಳೆ ಸುರಿದಿತ್ತು, ಅದು ಇವಳಿಗೆ ಹೇಗೆ ಗೊತ್ತಾಗಬೇಕು? ಕೆಂಪು ನೀರು ಗುಡುಗ್ತಾ ಬಂದು ಹಿಂಡನ್ನೆಲ್ಲ ಎತ್ಕೊಂಡು ಹೋಯ್ತು. ಹಾಲವ್ವ ದಡ ಹತ್ತಿ ನಿಂತಳು, ಕೈಯಲ್ಲಿ ಉಳಿದಿದ್ದು ಬರೀ ಕೋಲು.

ಅತ್ತು ಮುಗಿದ ಮೇಲೆ ಅವಳೂ ಮುಯ್ಯಿ ರೊಪ್ಪಕ್ಕೆ ಹೋದ್ಲಂತೆ. ಬಾಗಿಲು ತೆಗೆದು ನೋಡಿದ್ರೆ ಇದು ತಿಪ್ಪಯ್ಯಂದು, ಇದು ಓಬಯ್ಯಂದು, ಇದು ಅಣ್ಣಂದು. ಕಾಲು ಮುಂದಕ್ಕೆ ಏಳಲಿಲ್ಲ. ಅಷ್ಟೊತ್ತಿಗೆ ಕ್ಯಾತಪ್ಪ ಓಡಿ ಬಂದ. ಪ್ರೀತಿಯಿಂದಲೇ ಬಂದ, ಸುಳ್ಳು ಹೇಳಬಾರದು. ಬಂದೋನು ತಂಗಿ ತಲೆ ಸವರಿ ಸುಮ್ಮನಿದ್ದಿದ್ರೆ ಆಗ್ತಿತ್ತು. ತಗೋ ತಂಗಿ, ಅಗೋ ಅವೆರಡೂ ನಮ್ಮ ಗುರುತಿನವು, ಮೊದಲು ಅವನ್ನ ಹೊಡ್ಕೋ, ಚೆನ್ನಾಗಿ ನೋಡ್ಕೋ, ಇನ್ಮೇಲಾದ್ರೂ ಹಳ್ಳದಲ್ಲಿ ಕುರಿ ನಿಲ್ಲಿಸಬೇಡಮ್ಮ ಅಂದುಬಿಟ್ಟ. ಹಾಲವ್ವ ಬಾಗಿಲು ಮುಚ್ಚಿ, ಮುಳ್ಳು ಸರಿಯಾಗಿ ಒತ್ತಿ, ಮನೆಗೆ ಹೋಗಿ ಕಂಬಳಿ ಮಡಚಿ ಹೆಗಲ ಮೇಲೆ ಹಾಕ್ಕೊಂಡು ಹಟ್ಟಿ ಬಿಟ್ಟು ಹೊರಟುಹೋದ್ಲಂತೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು.

ಅವಳು ಹೋಗಿದ್ದು ಹೊಳೆ ಆಚೆ ಒಂದು ಊರಿಗೆ, ಯಾರದೋ ಮನೆ ಕುರಿ ಕಾಯೋ ಕೂಲಿಗೆ. ಸ್ವಂತ ಹಿಂಡು ಇದ್ದೋಳು. ಇತ್ತ ಕ್ಯಾತಪ್ಪನಿಗೆ ದೇವರು ಏನೂ ಶಿಕ್ಷೆ ಕೊಡಲಿಲ್ಲ ಕಣೇ, ಅದೇ ಶಿಕ್ಷೆ. ಅವನ ಕುರಿ ಮೈತುಂಬ್ಕೊಂಡು ಮರಿ ಹಾಕಿದ್ವು, ಗೋಡೆ ಕಲ್ಲು ಒಂದೂ ಜಾರಲಿಲ್ಲ. ಆದ್ರೆ ಹಟ್ಟಿಯೋರು ಒಬ್ಬೊಬ್ಬರೇ ಮುಯ್ಯಿ ಬಿಟ್ಟರು. ಹಾಲವ್ವನಂಥೋಳೇ ಮುಟ್ಟಲಿಲ್ಲ, ನಾವು ಮುಟ್ತೀವಾ, ಮುಟ್ಟದ ಮೇಲೆ ಕೊಡೋದ್ಯಾಕೆ ಅಂದು ತಮ್ಮತಮ್ಮ ಮರಿ ವಾಪಸ್ ಹೊಡ್ಕೊಂಡು ಹೋದರು, ಗುರುತು ಇತ್ತಲ್ಲ ಹೇಗೂ. ರೊಪ್ಪ ಬರಿದಾಯ್ತು. ಆಕಾಶದಲ್ಲಿ ಒಂದು ಮೋಡ ಕಂಡ್ರೂ ಎಲ್ಲರೂ ಅವರವರ ಬೇಲಿ ಕಡೆ ಓಡೋರು. ಕ್ಯಾತಪ್ಪಾನೂ ಓಡೋನು. ಭಯ ಅಂದ್ರೆ ಏನು ಅಂತ ಅವನಿಗೆ ಆಗ ಗೊತ್ತಾಯ್ತಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

ಆಮೇಲೆ ತಂಗೀನ ಕರ್ಕೊಂಡು ಬರ್ತೀನಿ ಅಂತ ಹೊರಟ. ಮೊದಲನೇ ಸಲ ತನ್ನ ಹಿಂಡಲ್ಲಿ ಚೆನ್ನಾಗಿರೋ ಕುರಿಗಳನ್ನೇ ಆರಿಸಿ ಹೊಡ್ಕೊಂಡು ಹೋದ್ನಂತೆ. ಹಾಲವ್ವ ಕೂರಿಸಿ ಮಜ್ಜಿಗೆ ಕೊಟ್ಟು ಅಂದ್ಲು, ಅಣ್ಣಾ, ಇವು ನನ್ನ ಮನೇಲಿದ್ರೂ ನಿನ್ನ ಕುರಿಗಳೇ, ದಿನಾ ನಿನ್ನ ಗುರುತು ನೋಡ್ಕೊಂಡು ಹ್ಯಾಗೆ ಮೇಯಿಸ್ಲಿ? ಹೊಡ್ಕೊಂಡು ಹೋಗು. ಎರಡನೇ ಸಲ ಕುಬಸ, ಬಳೆ, ಕೊಬ್ಬರಿ ಬೆಲ್ಲ ಎಲ್ಲ ಕಟ್ಕೊಂಡು ಹೋಗಿ, ತವರಿಗೆ ಬಾರವ್ವ, ನಮ್ಮನೇಲೇ ಉಂಡ್ಕೊಂಡಿರು ಅಂದ. ಅವಳು ಕುಬಸ ಕಣ್ಣಿಗೆ ಒತ್ಕೊಂಡು ತಗೊಂಡಳು. ಅಣ್ಣ ಕೊಟ್ಟ ಕುಬಸ ತೊಡ್ತೀನಿ, ಅಣ್ಣ ಕೊಟ್ಟ ಬದುಕು ಬದುಕೋಕಾಗಲ್ಲ, ನಿನ್ನ ಹೆಂಡತಿ ಒಂದು ದಿನ ಮುಖ ತಿರುಗಿಸಿದ್ರೂ ಅನ್ನ ಗಂಟಲಲ್ಲಿ ಇಳಿಯಲ್ಲ. ಆ ರೊಪ್ಪದಿಂದ ತಗೊಂಡಿದ್ರೆ ಅದು ನನ್ನದೇ ಆಗಿರ್ತಿತ್ತು ಅಣ್ಣಾ, ನಾನೂ ವರ್ಷಾ ವರ್ಷಾ ಕೊಟ್ಟಿದ್ದೆ ಅಂದ್ಲಂತೆ. ಕ್ಯಾತಪ್ಪ ದಾರಿ ಉದ್ದಕ್ಕೂ ಅಳ್ತಾ ವಾಪಸ್ ಬಂದ.

ಬಂದೋನು ಬೋರಜ್ಜಿ ಕಾಲ ಹತ್ರ ಕೂತ. ಬೋರಜ್ಜಿಗೆ ಆಗ ಕಣ್ಣು ಕಾಣ್ತಿರಲಿಲ್ಲ. ಕೊಡೋಕೆ ಹೋಗಿ ಹೋಗಿ ಸೋತೆಯಲ್ಲೋ, ಒಂದು ಸಲ ಕೇಳೋಕೆ ಹೋಗು ಅಂದ್ಲಂತೆ.

ಮೂರನೇ ಸಲ ಬರೀ ಕೈಯಲ್ಲಿ ಹೋದ್ನಂತೆ. ಇಷ್ಟೊತ್ತಿಗೆ ಹಾಲವ್ವನಿಗೆ ಕೂಲಿ ಅಂತ ಒಂದು ಕುರಿ ಸಿಕ್ಕಿತ್ತು, ಅದು ಒಂದು ಹೆಣ್ಣು ಮರಿ ಹಾಕಿತ್ತು. ಕ್ಯಾತಪ್ಪ ನಿಂತ್ಕೊಂಡೇ ಅಂದ, ತಂಗೀ, ರೊಪ್ಪ ಬರಿದಾಗಿದೆ, ಬರಿದು ಮಾಡಿದೋನು ನಾನೇ. ಈ ಸುಗ್ಗಿಗೆ ಮತ್ತೆ ಮುಯ್ಯಿ ಮಾಡಿ ಅಂತ ಮನೆಮನೆಗೂ ಹೋಗಿ ಕಾಲು ಹಿಡಿದಿದ್ದೀನಿ, ನನ್ನ ಮಾತು ಯಾರೂ ನಂಬಲ್ಲ. ನೀನು ಮರಿ ತರ್ತೀಯ ಅಂತ ಹೇಳಿದ್ರೆ ನಂಬ್ತಾರೆ. ನಿನ್ನ ಮರಿ ಕೊಡು. ಹಾಲವ್ವ ಕಿವಿ ಹಾಗೇ ಇರಬೇಕು ಅಂದ್ಲು. ಹಾಗೇ ಇರತ್ತೆ ಅಂದ. ಹಾಗಾದ್ರೆ ನಾನೇ ತರ್ತೀನಿ ಹೋಗು ಅಂದ್ಲಂತೆ.

ಸುಗ್ಗಿ ಮುಗೀತು. ಹಾಲವ್ವ ಅಣ್ಣ ಕೊಟ್ಟ ಕುಬಸ ತೊಟ್ಕೊಂಡು, ಕಂಬಳಿ ಮುಸುಕಿನೊಳಗೆ ಮರಿ ಇಟ್ಕೊಂಡು ಹೊಳೆ ದಾಟಿ ಬಂದ್ಲಂತೆ. ಅವಳು ಬಂದಳು ಅಂತ ಓಬಯ್ಯ ಬಂದ, ತಿಪ್ಪಯ್ಯ ಬಂದ, ಎಲ್ಲರ ಮುಸುಕಿನೊಳಗೂ ಒಂದೊಂದು ಮರಿ, ಎಲ್ಲವಕ್ಕೂ ಇಡೀ ಕಿವಿ. ಒಟ್ಟಿಗೇ ಒಳಗೆ ಬಿಟ್ಟರು. ಇನ್ಮೇಲೆ ಇಲ್ಲೇ ಇದ್ದುಬಿಡವ್ವ ಅಂತ ಕ್ಯಾತಪ್ಪ ಕೇಳ್ಕೊಂಡ. ಹಾಲವ್ವ ಒಪ್ಪಲಿಲ್ಲ, ಅಲ್ಲೇ ಬೇರು ಬಿಟ್ಟಿದ್ದೀನಿ ಅಣ್ಣಾ, ವರ್ಷಕ್ಕೊಂದು ಸಲ ಮರಿ ತಗೊಂಡು ಬರ್ತೀನಿ, ಆಗ ಒಂದು ಹೊತ್ತು ನಿನ್ನ ಮನೇಲಿ ಉಣ್ತೀನಿ ಅಂದ್ಲು. ಅಷ್ಟಾದ್ರೂ ಸಿಕ್ಕಿತಲ್ಲ ಅಂತ ಅವನು ಕಣ್ಣೊರೆಸ್ಕೊಂಡ. ಹಟ್ಟೀಲಿ ಆಮೇಲೆ ಎಷ್ಟೋ ಮನೆ ಆ ರೊಪ್ಪದಿಂದ ಎದ್ದು ನಿಂತವಂತೆ, ಹಳ್ಳ ಬಂದ್ರೂ ತೋಳ ಬಂದ್ರೂ ಯಾರೂ ಊರು ಬಿಡಲಿಲ್ಲವಂತೆ, ಎಲ್ಲರೂ ಸುಖವಾಗಿದ್ರಂತೆ.

ಆದ್ರೆ ಕ್ಯಾತಪ್ಪ ಮಾತ್ರ ದಿನಾ ಸಂಜೆ ಆ ರೊಪ್ಪದ ಬೇಲಿ ಹಿಡ್ಕೊಂಡು ನಿಂತು, ಇದರಲ್ಲಿ ನನ್ನ ತಂಗಿ ಮರಿ ಯಾವುದು ಅಂತ ಹುಡುಕ್ತಿದ್ನಂತೆ. ಎಲ್ಲಾ ಕರೀ ಮರಿ, ಎಲ್ಲಾ ಇಡೀ ಕಿವಿ, ತಂಗಿ ಮನೇಲಿ ಬೆಳೆದ ಮರಿ ಮುಖ ಅವನಿಗೆ ಹೇಗೆ ಗೊತ್ತಿರಬೇಕು? ಯಾರನ್ನೂ ಕೇಳೋ ಹಾಗೂ ಇಲ್ಲ. ಸಾಯೋವರೆಗೂ ಗೊತ್ತಾಗಲಿಲ್ಲವಂತೆ. ಅದಕ್ಕೇ ಒಂದನ್ನೂ ಬಿಡದೆ ಎಲ್ಲಾ ಮರಿಗೂ ತಾನೇ ನೀರು ಹೊತ್ತು ಕುಡಿಸ್ತಿದ್ನಂತೆ, ಮುಳ್ಳು ಚುಚ್ಚಿದ್ರೆ ತೆಗೀತಿದ್ನಂತೆ, ಚಳಿಗೆ ನಡುಗೋದನ್ನ ಎದೆಗೆ ಅವಚ್ಕೊಂಡು, ನೀನೇ ಇರಬಹುದು ಅಂತಿದ್ನಂತೆ. ಹೂಂ ಅನ್ನೋದು ನಿಂತ್ಹೋಯ್ತಲ್ಲ ಪುಟ್ಟಿ. ಮಲಗು ಹಾಗಾದ್ರೆ, ಕತೇನೂ ರೊಪ್ಪ ಸೇರ್ತು.