ಗುಡ್ಡದ ಬೆನ್ನಿಗೆ ಬಂದ ಮರಳು

ನಂಬುವುದಿಲ್ಲ ಅಂತ ಒಮ್ಮೆ ಹೇಳಿ ನೋಡು ನಾಗೂ. ಆ ನಡುಗಡ್ಡೆಯನ್ನು ಈಜಿ ಸುತ್ತಿ ಬಂದವನು ಈ ಊರಲ್ಲಿ ನಿನ್ನ ಮಾವ ಒಬ್ಬನೇ. ಅದರ ಕತೆ ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಕಡಲಿಗೆ ಇನ್ನೂ ಉಪ್ಪು ಹತ್ತದ ಕಾಲ. ಗುಡ್ಡಗಳು ಆಗ ನಡೆದಾಡುತ್ತಿದ್ದವು. ಅಕ್ಕ ಈ ದಡವಾಗಿ ಮಲಗಿದ್ದಳು. ತಮ್ಮ ಗುಡ್ಡ ಅವಳ ಪಕ್ಕದಲ್ಲೇ ನಿಂತಿದ್ದ. ಮಳೆಗಾಲ ಬಂದರೆ ಸಾಕು, ಅಲೆಗಳು ಅಕ್ಕನನ್ನು ಕಚ್ಚಿ ಕಚ್ಚಿ ತಿನ್ನುತ್ತಿದ್ದವು.

"ನಾನಿದ್ದೇನಲ್ಲ" ಎಂದ ತಮ್ಮ. ನನ್ನ ಹಾಗೆಯೇ ಅವನಿಗೂ ಎದೆ ಅಗಲ, ಬಾಯಿ ಅದಕ್ಕಿಂತ ಅಗಲ. "ಕಡಲಲ್ಲಿ ನಿಂತು ಒಂದೊಂದು ಅಲೆಯನ್ನೂ ಎದೆಯಲ್ಲೇ ಒಡೆಯುತ್ತೇನೆ."

"ಬೇಡ ಕಣೋ. ಕಾಲು ಹೂತರೆ ಮತ್ತೆ ಬರಲಿಕ್ಕಾಗದು."

"ಹೊರಟವನನ್ನು ಹಿಂದಿನಿಂದ ಕರೆಯಬೇಡ ಅಕ್ಕಾ, ಹೋದ ಕೆಲಸ ಕೆಡುತ್ತದೆ. ನಾನು ಬರುವ ತನಕ ನನ್ನ ಬೆನ್ನ ಹಿಂದೆ ಒಂದು ದನಿಯೂ ಕೇಳಬಾರದು."

ಅಕ್ಕ ಬಾಯಿ ಮುಚ್ಚಿದಳು. ಅವನು ಹೋಗಿ ಕಡಲಿಗೆ ಎದೆಯೊಡ್ಡಿ ನಿಂತ. ಕಾಲು ಹೂತಿತು. ಬರುವುದಿರಲಿ, ತಿರುಗಿ ನೋಡಲಿಕ್ಕೂ ಆಗಲಿಲ್ಲ.

ಅಲೆ ಅವನ ಎದೆಗೆ ಬಡಿದು ಎರಡಾಯಿತು. ಒಂದು ಎಡಕ್ಕೆ, ಒಂದು ಬಲಕ್ಕೆ ಸುತ್ತಿ, ಸುಸ್ತಾಗಿ ದಡ ಮುಟ್ಟಿದವು. ಅಕ್ಕ ತನ್ನ ಮೈಯ ಮರಳನ್ನೇ ಕಿತ್ತು ಎರಡರ ಬಾಯಿಗೂ ತುಂಬಿದಳು. ಮಾತಾಡುವ ಹಾಗಿಲ್ಲ, ಇದನ್ನು ಅವನಿಗೆ ಮುಟ್ಟಿಸಿ ಎಂಬಂತೆ ತಮ್ಮನ ಕಡೆ ಬೆರಳು ತೋರಿಸಿದಳು.

ಅಲೆಗಳು ಅವನ ಬೆನ್ನ ಹಿಂದೆ ಎದುರುಬದುರಾದವು.

"ದಾರಿ ಬಿಡೇ."

"ನೀನೇ ಬಿಡೇ, ದೊಡ್ಡವಳು."

ಜಗಳಕ್ಕೆ ಬಾಯಿ ತೆರೆದಾಗ ಮರಳೆಲ್ಲ ಅಲ್ಲೇ ಬಿತ್ತು. ತುಟಿಗೆ ಮೆತ್ತಿದ್ದಷ್ಟು ಉಳಿಯಿತು.

"ನನ್ನ ಅಕ್ಕ ಹೇಗಿದ್ದಾಳೆ?" ಎಂದು ಕೇಳಿದ ಗುಡ್ಡ.

"ರುಚಿಯಾಗಿದ್ದಳು" ಎಂದವು ಅಲೆಗಳು, ತುಟಿ ನೆಕ್ಕುತ್ತ.

"ಅಕ್ಕಾ, ಇದ್ದೀಯಾ?" ಎಂದು ಕೂಗಿದ.

ಅಕ್ಕನಿಗೆ ಕೇಳಿಸಿತು. ದನಿ ಕೊಟ್ಟರೆ ತಮ್ಮನಿಗೆ ಕೇಡು ಎಂದು ತುಟಿ ಕಚ್ಚಿದಳು. ತಾನು ಹೇಳಿ ಬಂದ ಮಾತು ಅವನಿಗೇ ಮರೆತಿತ್ತು.

ದಿನಾ ಕೂಗಿದ. ದಿನಾ ಅವಳು ತುಟಿ ಕಚ್ಚಿದಳು. ದಿನಾ ಮರಳು ಕೊಟ್ಟಳು, ದಿನಾ ತೆಳ್ಳಗಾದಳು.

ಕೊನೆಗೆ ಅವನು ಕೂಗುವುದನ್ನೇ ಬಿಟ್ಟ. ಯಾರಿಗಾಗಿ ನಿಲ್ಲಬೇಕು? ಆದರೂ ನಿಂತ, ಕಾಲು ಹೂತಿತ್ತಲ್ಲ. ನಾನು ಆಚೆ ಬದಿಗೆ ಈಜಿ ಹೋಗಿ ನೋಡಿದ್ದೇನೆ ನಾಗೂ, ಎದೆಯೆಲ್ಲ ಸೀಳು.

ಒಂದು ದಿನ ನೀರಿಳಿದಾಗ, ಬಿದ್ದ ಮರಳೆಲ್ಲ ಕೂಡಿ ದಡದಿಂದ ಅಕ್ಕನ ಕೈಯಂತೆ ಉದ್ದಕ್ಕೆ ಚಾಚಿ ಅವನ ಬೆನ್ನು ಮುಟ್ಟಿತು.

"ಯಾರದು?" ಎಂದ.

ದನಿ ಬರಲಿಲ್ಲ. ನೀರು ಏರಿತು, ಕೈ ಮುಳುಗಿತು.

"ಆಮೇಲಾದರೂ ಅವನಿಗೆ ಗೊತ್ತಾಯಿತಾ ಮಾವ?"

ಇಲ್ಲ ಮಾರಾಯ್ತಿ. ಇವತ್ತಿಗೂ ನೀರಿಳಿದಾಗ ನೀನು ಕಾಲು ಒದ್ದೆಯಾಗದೆ ನಡುಗಡ್ಡೆಗೆ ನಡೆದು ಹೋಗುವ ಮರಳ ದಾರಿ ಅದೇ, ನೀರೇರಿದಾಗ ಮುಳುಗುವುದೂ ಅದೇ. ಅವನಿಗೆ ಕೊನೆಗೆ ಸಿಕ್ಕಿದ್ದು ಬೆನ್ನ ಮೇಲೆ ಒಂದು ಕೈ.