ಹೊಳೆಯಾಚೆಯ ಮೊದಲ ಮನೆ

"ಗುರುಗಳೇ, ಕಾಡು ಕಡಿದು ಹೊಲ ಮಾಡಿದವರು ನನ್ನ ಅಜ್ಜ. ಈಗ ಎಲ್ಲಿಂದಲೋ ಬಂದ ಎರಡು ಸಂಸಾರಗಳು ಹೊಲದ ಅಂಚಿನಲ್ಲಿ ಮನೆ ಕಟ್ಟಿಕೊಳ್ಳಲು ಜಾಗ ಕೇಳುತ್ತಿವೆ. ಬೆವರು ಸುರಿಸಿದವರು ನಾವು. ಅವರಿಗೆ ಯಾಕೆ ಕೊಡಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ತಿರಕಪ್ಪ ಎಂಬ ಒಬ್ಬ ರೈತನಿದ್ದ. ಅವನ ಮನೆಯವರೆಲ್ಲ ಬೇರೆಯವರ ಹೊಲದಲ್ಲಿ ದುಡಿದು ಸತ್ತವರು. ಒಂದು ಸುಗ್ಗಿಯಲ್ಲಿ ದಣಿವಾಯಿತೆಂದು ಅವನು ಒಡೆಯನ ಕಣದಲ್ಲಿ ಕುಳಿತ. ಒಡೆಯ ಬಂದವನೇ, "ಏಳು ಮೇಲೆ. ಕೂತುಕೊಳ್ಳುವುದಕ್ಕೆ ಇದೇನು ನಿನ್ನ ನೆಲವೇ?" ಎಂದ. ತಿರಕಪ್ಪ ಎದ್ದ. ಮರುದಿನವೇ ಹೆಂಡತಿ ನೀಲವ್ವನನ್ನು ಕರೆದುಕೊಂಡು, ಜೋಡಿ ಎತ್ತು ಹೊಡೆದುಕೊಂಡು ಹೊಳೆ ದಾಟಿದ.

ಹೊಳೆಯಾಚೆ ಜಾಲಿಯ ಪೊದೆ ಮತ್ತು ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಗಂಡಹೆಂಡಿರು ಜಾಲಿ ಕಡಿದರು, ಕಲ್ಲು ಆಯ್ದರು, ಬಾವಿ ತೋಡಿದರು. ಗುಡ್ಡದ ಬುಡದವರೆಗೆ ನೆಲ ಹಸನಾಯಿತು. ಜೋಳ ಆಳೆತ್ತರ ಬೆಳೆಯಿತು. ತಿರಕಪ್ಪ ಹೊಲದ ನಡುವೆ ಮನಸ್ಸು ಬಂದಲ್ಲಿ ಕೂರುತ್ತಿದ್ದ. ಏಳು ಎನ್ನುವವರು ಯಾರೂ ಇರಲಿಲ್ಲ.

ನೀಲವ್ವನಿಗೆ ಮಾತ್ರ ಹಬ್ಬ ಬಂದರೆ ಕಷ್ಟವಾಗುತ್ತಿತ್ತು. ಹೋಳಿಗೆ ಮಾಡಿ, ಅಭ್ಯಾಸಬಲದಿಂದ ನೆರೆಮನೆಗೆಂದು ಒಂದು ತಟ್ಟೆಯಲ್ಲಿ ಎತ್ತಿಡುತ್ತಿದ್ದಳು. ನೆರೆಮನೆ ಇರಲಿಲ್ಲ. ಸಂಜೆ ಅದನ್ನು ಎತ್ತುಗಳಿಗೆ ತಿನ್ನಿಸುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಕುಂಬಾರನೊಬ್ಬ ಮುದಿ ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಬಂದ. "ಅಣ್ಣಾ, ಬಾವಿಯ ಹತ್ತಿರ ಒಂದು ಗುಡಿಸಲು ಹಾಕಿಕೊಳ್ಳುತ್ತೇವೆ" ಎಂದು ಕೈಮುಗಿದ.

"ಇವತ್ತು ಗುಡಿಸಲು ಎನ್ನುತ್ತೀಯ, ನಾಳೆ ಹಿತ್ತಲು ಎನ್ನುತ್ತೀಯ. ನಾನು ಒಬ್ಬರ ಕೈಲಿ ಅನ್ನಿಸಿಕೊಂಡು ಬಂದವನು. ಇಲ್ಲಿ ಯಾರಿಗೂ ಜಾಗವಿಲ್ಲ" ಎಂದ ತಿರಕಪ್ಪ.

ಗಂಡಸರು ಮಾತಾಡುತ್ತಿದ್ದಷ್ಟು ಹೊತ್ತು ನೀಲವ್ವ ಕುಂಬಾರನ ಹೆಂಡತಿಯ ಕೈ ಹಿಡಿದುಕೊಂಡೇ ಕೂತಿದ್ದಳು. ಅವರು ಹೊರಟಾಗ ಹೊಲದ ಗಡಿಯವರೆಗೆ ಜೊತೆಯಲ್ಲಿ ನಡೆದಳು. ಅವರು ಗುಡ್ಡದ ಮರೆಗೆ ಹೋದ ಮೇಲೂ ಅಲ್ಲೇ ನಿಂತಿದ್ದಳು.

ಮುಂದೆಯೂ ಕೆಲವರು ಬಂದರು. ತಿರಕಪ್ಪ ಅವರಿಗೂ ಅದೇ ಮಾತು ಹೇಳಿದ. ಬರಬರುತ್ತ ಆ ದಾರಿಯಲ್ಲಿ ಜನ ಓಡಾಡುವುದೇ ನಿಂತಿತು.

ಗಂಡಹೆಂಡಿರಿಗೊಂದು ಹೆಣ್ಣು ಮಗು ಹುಟ್ಟಿತು. ಸೂಲಗಿತ್ತಿಯಿಲ್ಲದೆ ತಿರಕಪ್ಪನೇ ಹೊಕ್ಕುಳಬಳ್ಳಿ ಕತ್ತರಿಸಿದ. ಮಗು ನಡೆಯಲು ಕಲಿತ ಎಷ್ಟೋ ಕಾಲದ ಮೇಲೆ ಮಾತು ಕಲಿತಿತು. ಮಗಳು ಇನ್ನೂ ಚಿಕ್ಕವಳಿರುವಾಗಲೇ ನೀಲವ್ವ ಜ್ವರ ಬಂದು ಮಲಗಿದಳು.

ಜ್ವರದ ತಾಪದಲ್ಲಿ ಅವಳು, "ಯಾರಾದರೂ ಬಂದರೇನು?" ಎಂದು ಕೇಳುತ್ತಿದ್ದಳು. ಇಲ್ಲ ಎಂದು ಹೇಳಿ ಹೇಳಿ ತಿರಕಪ್ಪ ಸೋತ. ಕೊನೆಗೆ, "ಬರುತ್ತಿದ್ದಾರೆ, ಮಲಗು" ಎಂದ. ನೀಲವ್ವ ಸೆರಗು ಸರಿಮಾಡಿಕೊಂಡಳು, ಕೂದಲು ನೇವರಿಸಿಕೊಂಡಳು, ಬಾಗಿಲ ಕಡೆ ಮುಖ ಮಾಡಿದಳು. ಹಾಗೆಯೇ ಜೀವ ಹೋಯಿತು.

ಹೆಣಕ್ಕೆ ಹೆಗಲು ಕೊಡಲು ಜನ ಬೇಕು. ಅಲ್ಲಿ ಇದ್ದದ್ದು ತಿರಕಪ್ಪ ಮತ್ತು ಮಗು. ಅವನು ಮಗುವನ್ನು ಎತ್ತಿಕೊಂಡು, ಬಾಗಿಲು ಮುಂದೆ ಮಾಡಿ, ಗುಡ್ಡ ಹತ್ತಿ ಇಳಿದ. ಆಚೆ ಹಳ್ಳದ ದಂಡೆಯಲ್ಲಿ ಹತ್ತಾರು ಗುಡಿಸಲುಗಳಿದ್ದವು. ಅವನು ಕಳಿಸಿಬಿಟ್ಟವರೆಲ್ಲ ಅಲ್ಲಿದ್ದರು. ಕುಂಬಾರ ತಿಗರಿಯ ಮುಂದೆ ಕೂತಿದ್ದ. ತಿರಕಪ್ಪ ಮಗುವನ್ನು ಹೊತ್ತು ಅವನೆದುರು ನಿಂತ. ಅವನ ಮುಖ ನೋಡಿ ಕುಂಬಾರ ಕೈ ತೊಳೆದುಕೊಂಡ.

ಎಲ್ಲರೂ ಬಂದರು. ಹೆಗಲು ಕೊಟ್ಟರು, ಕುಣಿ ತೋಡಿದರು, ಮಣ್ಣು ಮುಚ್ಚಿದರು. ಹೆಂಗಸರು ಅತ್ತರು. ಮಗು ಅಳಲಿಲ್ಲ. ಅಷ್ಟು ಮುಖಗಳನ್ನು ಅದು ಎಂದೂ ಕಂಡಿರಲಿಲ್ಲ. ಒಬ್ಬೊಬ್ಬರನ್ನೇ ನೋಡುತ್ತ ಕುಂಬಾರನ ಹೆಂಡತಿಯ ಮಡಿಲಲ್ಲಿ ಕೂತಿತ್ತು.

ಜನ ಹೊರಟು ನಿಂತಾಗ ತಿರಕಪ್ಪ ದಾರಿಗೆ ಅಡ್ಡ ಬಂದ. "ಹೋಗಬೇಡಿ. ಎಲ್ಲಿ ಬೇಕಾದರೂ ಮನೆ ಕಟ್ಟಿಕೊಳ್ಳಿ. ಅರ್ಧ ಹೊಲ ನೀವೇ ಉಣ್ಣಿ" ಎಂದ.

ಕುಂಬಾರನ ದನಿಯಲ್ಲಿ ಸಿಟ್ಟಿರಲಿಲ್ಲ. "ಅಣ್ಣಾ, ಅಂದು ಈ ಮಾತು ಹೇಳಿದ್ದರೆ ಕಾಲಿಗೆ ಬೀಳುತ್ತಿದ್ದೆ. ಈಗ ನಮ್ಮ ಅವ್ವನನ್ನು ಅಲ್ಲಿ ಮಣ್ಣು ಮಾಡಿದ್ದೇವೆ. ಮಕ್ಕಳು ಅಲ್ಲಿ ಹುಟ್ಟಿವೆ. ನೀನೇ ಅಲ್ಲಿಗೆ ಬಾ, ಜಾಗವಿದೆ" ಎಂದ.

ತಿರಕಪ್ಪ ತಿರುಗಿ ಹೊಲ ನೋಡಿದ. ಬಿಟ್ಟುಹೋಗಲು ಅವನ ಕೈಲಾಗಲಿಲ್ಲ. ಮಗುವನ್ನು ಮಾತ್ರ ಅವರ ಜೊತೆ ಕಳಿಸಿದ.

ಮಗಳು ಅಲ್ಲೇ ಬೆಳೆದಳು, ಅಲ್ಲೇ ಮದುವೆಯಾದಳು. ತಿರಕಪ್ಪ ಆಗಾಗ ಜೋಳದ ಮೂಟೆ ಹೊತ್ತುಕೊಂಡು ಹೋಗಿ ಅವಳನ್ನು ನೋಡಿ ಬರುತ್ತಿದ್ದ. ಮುದುಕನಾದ ಮೇಲೆ ಒಮ್ಮೆ, "ಹೊಲ ನಿನ್ನದೇ ಮಗಳೇ, ಗಂಡನನ್ನು ಕರೆದುಕೊಂಡು ಬಂದು ಇರು" ಎಂದ. "ಅಪ್ಪಾ, ಅಲ್ಲಿ ನಾನು ಯಾರ ಹತ್ತಿರ ಮಾತಾಡಲಿ?" ಎಂದಳು ಮಗಳು. ಅವನು ಮತ್ತೆ ಆ ವಿಷಯ ಎತ್ತಲಿಲ್ಲ.

ಅವನು ಸತ್ತಾಗಲೂ ಗುಡ್ಡದಾಚೆಯ ಜನವೇ ಬಂದು ಮಣ್ಣು ಮಾಡಿದರು. ಮಣ್ಣು ಮಾಡಿ ತಮ್ಮ ಊರಿಗೆ ಹೋದರು. ಗೋಡೆ ಕುಸಿಯಿತು, ಬಾವಿ ಹೂಳು ತುಂಬಿತು. ಹೊಲದಲ್ಲಿ ಜಾಲಿ ಬೆಳೆಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಈಗ ಆ ನೆಲ ಯಾರದು?"

"ಈಗಲೂ ಅವನದೇ," ಎಂದರು ಗುರುಗಳು. "ಕೇಳುವವರೇ ಇಲ್ಲ."